ಬರಿಗಾಲಲ್ಲಿ ಸೆಲ್ಟಿಕ್ ಮೈದಾನಕ್ಕಿಳಿದ ಮುಹಮ್ಮದ್ ಸಲೀಂ

2025ರ ಫೆಬ್ರವರಿ ತಿಂಗಳು. ಚಾಂಪಿಯನ್ಸ್ ಲೀಗ್‌ನ ಹೊಸ ಮಾದರಿಯಲ್ಲಿ 36 ತಂಡಗಳ ಲೀಗ್ ಹಂತ ಮುಗಿದಿತ್ತು. ಮೊದಲ ಎಂಟು ತಂಡಗಳು ನೇರವಾಗಿ ಮುಂದಕ್ಕೆ ಹೋದವು. 9ರಿಂದ 24ನೇ ಸ್ಥಾನದವರೆಗಿನ ತಂಡಗಳು ನಾಕೌಟ್‌ನ ಮೊದಲ ಮೆಟ್ಟಿಲಾದ ಪ್ಲೇಆಫ್ ಆಡಬೇಕಿತ್ತು. ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಸಿಕ್ಕಿದ್ದು ಜರ್ಮನಿಯ ಬಯರ್ನ್ ಮ್ಯೂನಿಕ್. ಗ್ಲಾಸ್ಗೋದಲ್ಲಿ ಬಯರ್ನ್ 2-1ರಲ್ಲಿ ಗೆದ್ದಿತು. ಆರು ದಿನ ಬಿಟ್ಟು ಮ್ಯೂನಿಕ್‌ನಲ್ಲಿ ಸೆಲ್ಟಿಕ್ ಮೊದಲು ಗೋಲು ಹೊಡೆದು ಲೆಕ್ಕ ಸಮ ಮಾಡಿತು. ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಯ್ತು ಅನ್ನುವಾಗ 94ನೇ ನಿಮಿಷದಲ್ಲಿ ಅಲ್ಫೊನ್ಸೊ ಡೇವಿಸ್ ಗೋಲು. ಅಲ್ಲಿಗೆ ಮುಗೀತು. ನಮ್ಮ ಕಡೆ ಆಟ ಶುರುವಾಗಿದ್ದೇ ರಾತ್ರಿ ಒಂದೂವರೆಗೆ. ನಿದ್ದೆಗೆಟ್ಟು ಮೊಬೈಲ್ ಹಿಡಿದು ಕೂತ ಹುಡುಗರು ಸುಬಹಿ ನಮಾಝಿನ ಹೊತ್ತಿಗೂ ಆ ಗೋಲಿನ ಬಗ್ಗೆಯೇ ಮಾತಾಡುತ್ತಿದ್ದರು.

ಸೆಲ್ಟಿಕ್‌ನ ಆ ಹಸಿರು-ಬಿಳಿ ಪಟ್ಟೆಯ ಜೆರ್ಸಿಯನ್ನು ಇಂದು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದೆ. ಆದರೆ ಅದೇ ಜೆರ್ಸಿ ತೊಟ್ಟು, ಕಾಲಿಗೆ ಬೂಟಿಲ್ಲದೆ, ಬರೀ ಬ್ಯಾಂಡೇಜ್ ಸುತ್ತಿಕೊಂಡು ಗ್ಲಾಸ್ಗೋ ಮೈದಾನಕ್ಕಿಳಿದ ಒಬ್ಬ ಭಾರತೀಯ ಮುಸ್ಲಿಂ ಇದ್ದರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರ ಹೆಸರು ಮುಹಮ್ಮದ್ ಸಲೀಂ. ಯುರೋಪಿನ ಕ್ಲಬ್ ಒಂದಕ್ಕೆ ಆಡಿದ ಮೊದಲ ಭಾರತೀಯ ಎಂದು ಫುಟ್ಬಾಲ್ ಚರಿತ್ರೆ ಗುರುತಿಸುವುದು ಇವರನ್ನೇ. ಅದು 1936ರ ಮಾತು. ಆಗ ಯುರೋಪಿಯನ್ ಕಪ್ ಎಂಬುದೇ ಇರಲಿಲ್ಲ, ಅದು ಶುರುವಾಗಿದ್ದು 1955ರಲ್ಲಿ.

ಸಲೀಂ ಹುಟ್ಟಿದ್ದು 1904ರಲ್ಲಿ, ಕಲ್ಕತ್ತಾದ ಮಟಿಯಾಬುರ್ಜ್‌ನಲ್ಲಿ. ಹೂಗ್ಲಿ ನದಿ ದಂಡೆಯ ಈ ಜಾಗಕ್ಕೆ ದೊಡ್ಡ ಕಥೆಯಿದೆ. 1856ರಲ್ಲಿ ಬ್ರಿಟಿಷರು ಅವಧ್ ರಾಜ್ಯವನ್ನು ಕಿತ್ತುಕೊಂಡಾಗ ಅಲ್ಲಿನ ನವಾಬ ವಾಜಿದ್ ಅಲಿ ಶಾ ಬಂದು ನೆಲೆಸಿದ್ದು ಇಲ್ಲೇ. ಅವರ ಹಿಂದೆಯೇ ಅಡುಗೆಯವರು, ಸಂಗೀತಗಾರರು, ದರ್ಜಿಗಳು ಬಂದರು. ನವಾಬಗಿರಿ ಹೋಯಿತು, ದರ್ಜಿಗಳ ಕತ್ತರಿ ಉಳಿಯಿತು. ಸೊಲ್ಲಾಪುರ ಅಂದ ಕೂಡಲೇ ಚಾದರ ನೆನಪಾಗುವ ಹಾಗೆ ಮಟಿಯಾಬುರ್ಜ್ ಅಂದರೆ ಇಂದಿಗೂ ಹೊಲಿದ ಬಟ್ಟೆ, ರೆಡಿಮೇಡ್ ವ್ಯಾಪಾರ. ಅಂತಹ ದುಡಿಯುವ ಜನರ ನಡುವಿನ ಸಾಧಾರಣ ಮನೆಯಲ್ಲಿ ಸಲೀಂ ಬೆಳೆದರು. ಔಷಧ ಅಂಗಡಿಯ ಕೆಲಸ ಕಲಿತರು. ಕೈಯಲ್ಲಿ ಒಂದು ಕಸುಬು ಇರಲಿ ಎಂಬುದು ಆ ಕಾಲದ ಎಲ್ಲ ತಂದೆ-ತಾಯಂದಿರ ಆಸೆಯೇ. ಆದರೆ ಹುಡುಗನ ಮನಸ್ಸೆಲ್ಲ ಚೆಂಡಿನ ಮೇಲಿತ್ತು.

ಕಲ್ಕತ್ತಾದಲ್ಲಿ ಫುಟ್ಬಾಲ್ ಅಂದರೆ ಆಗ ಬರೇ ಆಟ ಅಲ್ಲ. 1911ರ ಜುಲೈ 29ರಂದು ಮೋಹನ್ ಬಗಾನ್ ತಂಡ ಐಎಫ್ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತ್ತು. ಒಬ್ಬರನ್ನು ಬಿಟ್ಟರೆ ತಂಡದವರೆಲ್ಲ ಬರಿಗಾಲಲ್ಲೇ ಆಡಿದ್ದರು. ಸಲೀಂ ಆಗ ಏಳು ವರ್ಷದ ಬಾಲಕ. ಬೂಟು ತೊಟ್ಟ ಬಿಳಿಯ ಸೈನಿಕರನ್ನು ಬೂಟಿಲ್ಲದ ಕಾಲು ಸೋಲಿಸಬಹುದು ಎಂಬ ಸುದ್ದಿ ಕೇಳಿಕೊಂಡೇ ಆ ತಲೆಮಾರು ಬೆಳೆಯಿತು. ಬರಿಗಾಲು ಬಡತನದ ಗುರುತೂ ಹೌದು, ಛಲದ ಗುರುತೂ ಹೌದು. ಚೆಂಡು ಬೆರಳಿಗೆ ತಾಗಿದಾಗ ಅದನ್ನು ಎತ್ತ ಬೇಕಾದರೂ ತಿರುಗಿಸುವ ಹಿಡಿತ ಬೂಟಿನಲ್ಲಿ ಸಿಗುವುದಿಲ್ಲ ಎಂದು ಆಗಿನ ಆಟಗಾರರು ನಂಬಿದ್ದರು. ಮಳೆ ಬಂದು ಮೈದಾನ ಕೆಸರಾದರೆ ಮಾತ್ರ ಬರಿಗಾಲಿನವರಿಗೆ ಕಷ್ಟ.

ಸಲೀಂ ಹಲವು ಕ್ಲಬ್‌ಗಳಲ್ಲಿ ಆಡಿದರು. ಏರಿಯನ್ಸ್ ತಂಡದಲ್ಲಿ ಪಳಗಿ, 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿದರು. ಬಲಬದಿಯ ವಿಂಗರ್. ಗೆರೆ ಪಕ್ಕದಲ್ಲೇ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡಿ, ನಡುವಿಗೆ ಅಳೆದು ತೂಗಿ ಪಾಸ್ ಕೊಡುವುದು ಅವರ ಆಟ. 1891ರಲ್ಲಿ ಸ್ಥಾಪನೆಯಾದ ಮೊಹಮ್ಮಡನ್ ಸ್ಪೋರ್ಟಿಂಗ್ ಆ ವರ್ಷವಷ್ಟೇ ಮೊದಲ ಡಿವಿಷನ್‌ಗೆ ಬಂದಿತ್ತು. ಬಂದ ವರ್ಷವೇ ಕಲ್ಕತ್ತಾ ಲೀಗ್ ಗೆದ್ದಿತು. 1898ರಿಂದ ಅಲ್ಲಿಯವರೆಗೆ ಆ ಲೀಗನ್ನು ಬ್ರಿಟಿಷ್ ತಂಡಗಳಲ್ಲದೆ ಯಾರೂ ಗೆದ್ದಿರಲಿಲ್ಲ. ಅದು ಒಂದು ವರ್ಷದ ಅದೃಷ್ಟವಾಗಿಯೂ ಉಳಿಯಲಿಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕಪ್ ಅದೇ ಮನೆಯಲ್ಲಿತ್ತು. 1936ರಲ್ಲಿ ಲೀಗ್ ಜೊತೆ ಐಎಫ್ಎ ಶೀಲ್ಡ್ ಕೂಡಾ ಬಂತು.

ಈ ಗೆಲುವಿಗೆ ನಮ್ಮ ರಾಜ್ಯದ ಪಾಲೂ ಇದೆ. ಒಳ್ಳೆಯ ಆಟಗಾರರನ್ನು ಹುಡುಕಿಕೊಂಡು ಮೊಹಮ್ಮಡನ್ ಸ್ಪೋರ್ಟಿಂಗ್‌ನವರು ಬೆಂಗಳೂರಿನವರೆಗೂ ಬಂದು ಇಲ್ಲಿಂದ ಆಟಗಾರರನ್ನು ಕರೆದುಕೊಂಡು ಹೋಗಿದ್ದರು. ಹಾಗಂತ ಬೆಂಗಳೂರು ಬರಿದಾಗಲಿಲ್ಲ. ಬಾಂಬೆಯ ರೋವರ್ಸ್ ಕಪ್ ಕೂಡಾ ಆ ತನಕ ಬ್ರಿಟಿಷ್ ರೆಜಿಮೆಂಟುಗಳ ಸೊತ್ತಿನಂತಿದ್ದ ನಾಕೌಟ್ ಪಂದ್ಯಾವಳಿ. 1937ರಲ್ಲಿ ಅದನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ 1-0ರಿಂದ ಸೋತಿದ್ದು ಯಾರು ಗೊತ್ತೇ? ಅದೇ ಮೊಹಮ್ಮಡನ್ ಸ್ಪೋರ್ಟಿಂಗ್! ಮರು ವರ್ಷ ಆರ್ಗೈಲ್ ಆ್ಯಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟನ್ನು 3-2ರಿಂದ ಸೋಲಿಸಿ ಬೆಂಗಳೂರಿನವರು ಮತ್ತೊಮ್ಮೆ ಕಪ್ ಎತ್ತಿದರು.

ಈ ಗೆಲುವುಗಳಿಗೆ ಆಗ ಯಾಕೆ ಅಷ್ಟು ಬೆಲೆ ಎಂದು ಇಂದಿನ ಹುಡುಗರಿಗೆ ಅನ್ನಿಸಬಹುದು. ಆ ಕಾಲದ ಬಿಸಿ ಅರ್ಥವಾಗಬೇಕಾದರೆ ಕಲ್ಕತ್ತಾದವರೆಗೆ ಹೋಗಬೇಕಿಲ್ಲ, ನಮ್ಮ ಗಡಿಯಾಚೆಯ ಸೊಲ್ಲಾಪುರವನ್ನು ನೋಡಿದರೆ ಸಾಕು. ಸೊಲ್ಲಾಪುರ, ಪಕ್ಕದ ಅಕ್ಕಲಕೋಟೆ ಅಂದರೆ ಕನ್ನಡ, ಮರಾಠಿ, ಉರ್ದು ಒಂದೇ ಬೀದಿಯಲ್ಲಿ ಕೇಳುವ ಊರುಗಳು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರನ್ನು ಬಂಧಿಸಿದ ಸುದ್ದಿ ಬಂದಾಗ ಸೊಲ್ಲಾಪುರದ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಸರಕಾರ ಅಲ್ಲಿ ಮಾರ್ಷಲ್ ಲಾ ಹೇರಿತು. 1931ರ ಜನವರಿ 12ರಂದು ಯೆರವಾಡ ಜೈಲಿನಲ್ಲಿ ಸೊಲ್ಲಾಪುರದ ನಾಲ್ವರನ್ನು ಗಲ್ಲಿಗೇರಿಸಲಾಯಿತು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ. ಅವರ ನೆನಪಿಗೆ ಸೊಲ್ಲಾಪುರದಲ್ಲಿ ಹುತಾತ್ಮರ ಚೌಕವೇ ಇದೆ. ಒಂದೇ ಹಗ್ಗ, ನಾಲ್ಕು ಹೆಸರು. ಯಾರೂ ಜಾತಿ ಕೇಳಿ ನೇಣು ಹಾಕಲಿಲ್ಲ. ಇದಾಗಿ ಮೂರೇ ವರ್ಷಕ್ಕೆ ಭಾರತೀಯ ತಂಡವೊಂದು ಬ್ರಿಟಿಷ್ ರೆಜಿಮೆಂಟುಗಳನ್ನು ಹಿಂದೆ ಹಾಕಿ ಲೀಗ್ ಗೆದ್ದರೆ ಜನಕ್ಕೆ ಹೇಗಾಗಿರಬೇಡ! ಬಂದೂಕಿನ ಎದುರು ಸಾಮಾನ್ಯ ಮನುಷ್ಯ ಏನೂ ಮಾಡುವ ಹಾಗಿರಲಿಲ್ಲ. ಮೈದಾನದಲ್ಲಿ ಮಾತ್ರ ಹನ್ನೊಂದು ಜನಕ್ಕೆ ಹನ್ನೊಂದೇ ಜನ.

ಮತ್ತೆ ಸಲೀಂ ಅವರ ಕಥೆಗೆ ಬರೋಣ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ದಾರಿಯಲ್ಲಿ ಕಲ್ಕತ್ತಾದಲ್ಲಿ ಪ್ರದರ್ಶನ ಪಂದ್ಯಗಳನ್ನು ಆಡಿತು. ಮೊದಲ ಪಂದ್ಯದಲ್ಲಿ ಸಲೀಂ ಚೆನ್ನಾಗಿ ಆಡಿ ಹೆಸರು ಗಳಿಸಿದರು. ಎರಡನೇ ಪಂದ್ಯದ ಹೊತ್ತಿಗೆ ಆಳೇ ಇಲ್ಲ! ಪತ್ರಿಕೆಗಳಲ್ಲಿ ಪ್ರಕಟಣೆ ಬಂತು, ಹುಡುಕಾಟ ನಡೀತು. ಸಲೀಂ ಅಷ್ಟರಲ್ಲಿ ಹಡಗು ಹತ್ತಿದ್ದರು. ಗ್ಲಾಸ್ಗೋದ ಸ್ಕಾಟ್ಸ್‌ಟನ್‌ನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಅವರ ಸಂಬಂಧಿ ಹಶೀಮ್ ಊರಿಗೆ ಬಂದಿದ್ದರು. ಸಲೀಂ ಅವರ ಆಟ ನೋಡಿ, ಯುರೋಪಿನಲ್ಲಿ ಒಂದು ಕೈ ನೋಡಲೇಬೇಕು ಎಂದು ಒತ್ತಾಯ ಮಾಡಿ ಹೊರಡಿಸಿದ್ದು ಅವರೇ. ಪರವೂರಿನಲ್ಲಿ ಅಂಗಡಿ ಇಟ್ಟ ಒಬ್ಬ ಸಂಬಂಧಿಯ ಧೈರ್ಯದ ಮೇಲೆ ಹೊರಟು ಹೋಗುವುದು ಬ್ಯಾರಿಗಳಿಗೆ ಹೊಸತೇನಲ್ಲ. ನಮ್ಮ ಎಷ್ಟೋ ಮನೆಗಳ ಬಾಂಬೆ, ಗಲ್ಫ್ ಕಥೆಗಳು ಶುರುವಾಗುವುದೇ ಹೀಗೆ.

ಸಲೀಂ ಅವರಿಗೆ ಆಗ 32 ವರ್ಷ. ಆಟಗಾರರು ಬೂಟು ಕಳಚಿಡುವ ವಯಸ್ಸದು. ಇವರಿಗೆ ಕಳಚಲು ಬೂಟೇ ಇರಲಿಲ್ಲ.

ಹಶೀಮ್ ಅವರನ್ನು ಸೆಲ್ಟಿಕ್ ಆಟ ನೋಡಲು ಕರೆದುಕೊಂಡು ಹೋದರು. ಅಲ್ಲಿ ಆಡುವವರೆಲ್ಲ ಸಂಬಳಕ್ಕೆ ಆಡುವ ವೃತ್ತಿಪರರು ಎಂದು ತಿಳಿದು ಸಲೀಂ ಬೆರಗಾದರು. ಕಲ್ಕತ್ತಾದಲ್ಲಿ ಆಟ ಅಂದರೆ ಹೆಸರಿಗೆ, ಹೊಟ್ಟೆಗೆ ಬೇರೆ ಕೆಲಸ. ಆದರೂ ಇವರೊಂದಿಗೆ ತಾನೂ ಆಡಬಲ್ಲೆ ಎಂಬ ವಿಶ್ವಾಸ ಅವರಿಗಿತ್ತು. ಹಶೀಮ್ ನೇರವಾಗಿ ಮ್ಯಾನೇಜರ್ ವಿಲ್ಲಿ ಮ್ಯಾಲಿ ಅವರ ಬಳಿ ಹೋಗಿ, ಭಾರತದಿಂದ ಒಬ್ಬ ಆಟಗಾರ ಬಂದಿದ್ದಾನೆ, ಬರಿಗಾಲಲ್ಲಿ ಆಡುತ್ತಾನೆ, ಒಮ್ಮೆ ಪರೀಕ್ಷೆ ಮಾಡಿ ಎಂದು ಕೇಳಿಕೊಂಡರು. ಮ್ಯಾಲಿ ಸಾಮಾನ್ಯ ವ್ಯಕ್ತಿಯಲ್ಲ. ಸೆಲ್ಟಿಕ್‌ನ ಮೊದಲ ಪಂದ್ಯದಲ್ಲೇ ಆಡಿದವರು, 1897ರಿಂದ ಮ್ಯಾನೇಜರ್ ಕುರ್ಚಿಯಲ್ಲಿದ್ದವರು. ಬೂಟಿಲ್ಲದೆ ಸ್ಕಾಟ್ಲೆಂಡಿನ ವೃತ್ತಿಪರರ ಮುಂದೆ ಆಡುವುದು ಎಂದರೆ ಅವರಿಗೆ ನಗು ಬಂದಿರಬೇಕು. ಆದರೂ ಬಾಗಿಲು ಹಾಕಲಿಲ್ಲ. ಕೋಚ್‌ಗಳ ಮತ್ತು ಕ್ಲಬ್ ಸದಸ್ಯರ ಎದುರು ಪರೀಕ್ಷೆ ನಡೆಯಿತು. ಸಲೀಂ ಪಾಸಾದರು.

ಸೆಲ್ಟಿಕ್ ಒಪ್ಪಿಕೊಂಡಿದ್ದು ಯಾಕೆ ಎಂದು ತಿಳಿಯಲು ಆ ಕ್ಲಬ್‌ನ ಹುಟ್ಟನ್ನು ನೋಡಬೇಕು. ಬರಗಾಲಕ್ಕೆ ಸಿಕ್ಕಿ ಐರ್ಲೆಂಡಿನಿಂದ ಗ್ಲಾಸ್ಗೋಗೆ ವಲಸೆ ಬಂದ ಕ್ಯಾಥೊಲಿಕ್ ಜನ ನಗರದ ಪೂರ್ವ ಭಾಗದಲ್ಲಿ ಕಡು ಬಡತನದಲ್ಲಿದ್ದರು. ಭಾಷೆಯ ಧಾಟಿ ಬೇರೆ, ಧರ್ಮದ ಪಂಗಡ ಬೇರೆ. ಕೆಲಸ ಕೊಡುವವರು ಹಿಂದೆ ಮುಂದೆ ನೋಡುತ್ತಿದ್ದರು. ಬ್ರದರ್ ವಾಲ್‌ಫ್ರಿಡ್ ಎಂಬ ಧಾರ್ಮಿಕ ಶಿಕ್ಷಕರು 1887ರಲ್ಲಿ ಸೆಲ್ಟಿಕ್ ಕ್ಲಬ್ ಕಟ್ಟಿದ್ದು ಕಪ್ ಗೆಲ್ಲಲಿಕ್ಕಲ್ಲ, ಆ ಮನೆಗಳ ಮಕ್ಕಳಿಗೆ ಊಟ ಹಾಕಲಿಕ್ಕೆ. ಟಿಕೆಟ್ ಹಣದಿಂದ ಹಸಿದ ಮಕ್ಕಳ ಊಟದ ಖರ್ಚು ತೂಗಿಸುವುದು ಮೊದಲ ಉದ್ದೇಶ. ಜಮಾಅತ್, ಯತೀಂಖಾನ ನಡೆಸಿ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಕತ್ತಾದ ಮುಸ್ಲಿಮರ ಕ್ಲಬ್‌ನಿಂದ ಹೊರಟ ಸಲೀಂ ಸೇರಿದ್ದು ಗ್ಲಾಸ್ಗೋದ ಐರಿಷ್ ಬಡವರ ಕ್ಲಬ್‌ಗೆ. ಎರಡೂ ಕ್ಲಬ್‌ಗಳ ಹಿಂದೆ ಇದ್ದವರು ತಲೆ ಎತ್ತಿ ನಡೆಯಲು ಜಾಗ ಹುಡುಕುತ್ತಿದ್ದ ಜನ.

1936ರ ಆಗಸ್ಟ್‌ನಲ್ಲಿ ಸಲೀಂ ಸೆಲ್ಟಿಕ್ ಜೆರ್ಸಿ ತೊಟ್ಟರು. ವಾಟ್ಸಾಪ್‌ನಲ್ಲಿ ಬರುವ ಮೆಸೇಜ್‌ಗಳಲ್ಲಿ ಅವರು ಸೆಲ್ಟಿಕ್‌ನ ಮುಖ್ಯ ತಂಡದಲ್ಲಿ ಲೀಗ್ ಆಡಿದರು ಎಂದೆಲ್ಲ ಇರುತ್ತದೆ. ಅದು ಸರಿಯಲ್ಲ. ಅವರು ಆಡಿದ್ದು ಅಲಯನ್ಸ್ ಲೀಗ್‌ನಲ್ಲಿ, ಅಂದರೆ ಮೀಸಲು ತಂಡಗಳ ಲೀಗ್‌ನಲ್ಲಿ, ಎರಡು ಪಂದ್ಯ. ಹ್ಯಾಮಿಲ್ಟನ್ ವಿರುದ್ಧ ಸೆಲ್ಟಿಕ್ 5-1ರಿಂದ ಗೆದ್ದಿತು. ಗಾಲ್‌ಸ್ಟನ್ ವಿರುದ್ಧ 7-1. ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಸಲೀಂ ಅವರ ಬೆಲೆ ಒಂದು ಪೈಸೆಯೂ ಕಮ್ಮಿಯಾಗುವುದಿಲ್ಲ. ಅವರ ಬರಿಗಾಲಿನ ಚಮತ್ಕಾರ ನೋಡಿ ಗ್ಲಾಸ್ಗೋ ಜನ ಮರುಳಾದರು. ಹೆಬ್ಬೆರಳಿನಿಂದ ಕಿರುಬೆರಳಿಗೆ ಚೆಂಡು ದಾಟಿಸಿ, ಎದುರಾಳಿಯ ಪಕ್ಕದಲ್ಲೇ ಜಾರಿಕೊಂಡು ಹೋಗಿ, ನಡುವೆ ಓಡಿ ಬರುವವನ ಕಾಲಿಗೆ ಚೆಂಡು ಒಪ್ಪಿಸುವುದನ್ನು ಅಲ್ಲಿನ ಪತ್ರಿಕೆ ಜಾದೂಗಾರನ ಕೈಚಳಕಕ್ಕೆ ಹೋಲಿಸಿ ಬರೆಯಿತು.

ಆ ದಿನಗಳ ಒಂದು ಫೋಟೊ ಉಳಿದಿದೆ. ಸೆಲ್ಟಿಕ್‌ನ ಹಳೆಯ ದಿಗ್ಗಜ, ಆಗ ತರಬೇತುದಾರರಾಗಿದ್ದ ಜಿಮ್ಮಿ ಮ್ಯಾಕ್‌ಮೆನೆಮಿ ಬಗ್ಗಿ ಸಲೀಂ ಅವರ ಪಾದಕ್ಕೆ ಬ್ಯಾಂಡೇಜ್ ಸುತ್ತುತ್ತಿದ್ದಾರೆ. ಭಾರತವನ್ನು ಬ್ರಿಟಿಷರು ಆಳುತ್ತಿದ್ದ ಕಾಲ ಅದು. ಇಲ್ಲಿ ಸಾಹೇಬರ ಎದುರು ತಲೆ ಬಗ್ಗಿಸಿ ನಿಲ್ಲಬೇಕಾಗಿದ್ದ ದೇಶದ ಒಬ್ಬ ಮನುಷ್ಯನ ಕಾಲ ಬಳಿ, ಅಲ್ಲಿ ಸ್ಕಾಟ್ಲೆಂಡಿನ ಹೆಸರಾಂತ ಆಟಗಾರ ಬಗ್ಗಿದ್ದರು. ಅದರಲ್ಲಿ ಸೋಲು-ಗೆಲುವು ಏನೂ ಇಲ್ಲ. ಒಬ್ಬ ಆಟಗಾರ ಇನ್ನೊಬ್ಬ ಆಟಗಾರನಿಗೆ ಮಾಡಿದ ಸಹಾಯ, ಅಷ್ಟೇ. ಆದರೆ ಅಷ್ಟು ಸಣ್ಣ ವಿಷಯವೂ ಕಲ್ಕತ್ತಾದ ಮೈದಾನದಲ್ಲಿ ಆಗ ನಡೆಯುವಂತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಸಲೀಂ ಅವರಿಗೆ ಊರಿನ ನೆನಪು ಕಾಡತೊಡಗಿತು. ಚಳಿ, ಬೇರೆ ಊಟ, ಬೇರೆ ಮಾತು. ಗಲ್ಫ್‌ನಲ್ಲಿ ಒಂಟಿಯಾಗಿ ದುಡಿದವರಿಗೆ ಇದು ಅರ್ಥವಾದೀತು. ಸೆಲ್ಟಿಕ್‌ನವರು ಸೀಸನ್ ಮುಗಿಯುವ ತನಕ ಇರಿ ಎಂದು ಕೇಳಿಕೊಂಡರು. ಅವರಿಗಾಗಿ ಒಂದು ಸಹಾಯಾರ್ಥ ಪಂದ್ಯ ಇಟ್ಟು, ಟಿಕೆಟ್ ಹಣದಲ್ಲಿ ಶೇಕಡಾ 5 ಪಾಲು ಕೊಡುವ ಮಾತನ್ನೂ ಆಡಿದರು. ಸಲೀಂ ಆ ಪಾಲನ್ನು ತನಗೆ ಬೇಡ ಎಂದು ಅಲ್ಲಿನ ಅನಾಥ ಮಕ್ಕಳಿಗೆ ಬಿಟ್ಟುಕೊಟ್ಟರು.

ವ್ಯಾಪಾರ ಮಾಡುವವರು ಇದನ್ನು ಒಂದು ಗಳಿಗೆ ಯೋಚಿಸಬೇಕು. ಸಲೀಂ ಶ್ರೀಮಂತರಲ್ಲ. ದರ್ಜಿಗಳ ಪೇಟೆಯಿಂದ ಬಂದವರು. ಊರಲ್ಲಿ ಆಟಕ್ಕೆ ಸಂಬಳ ಇರಲಿಲ್ಲ. 32 ದಾಟಿದ ಆಟಗಾರನಿಗೆ ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಲೆಕ್ಕದ ಪುಸ್ತಕ ಇಟ್ಟು ನೋಡಿದರೆ ಅವರು ಮಾಡಿದ್ದು ಶುದ್ಧ ನಷ್ಟದ ವ್ಯವಹಾರ. ಆದರೆ ಹಸಿದ ಮಕ್ಕಳಿಗಾಗಿ ಹುಟ್ಟಿದ ಕ್ಲಬ್‌ನ ಮೈದಾನದಲ್ಲಿ, ತನಗೆ ಸಿಗಬೇಕಾದ ಹಣವನ್ನು ಅನಾಥ ಮಕ್ಕಳಿಗೆ ಕೊಟ್ಟು ಬಂದ ಕಾರಣಕ್ಕೇ ಆ ಹೆಸರು ಅಲ್ಲಿ ಉಳಿಯಿತು. ಆ ಮಕ್ಕಳು ಅವರ ಧರ್ಮದವರಲ್ಲ, ದೇಶದವರಲ್ಲ. ಯತೀಮರು, ಅಷ್ಟು ಸಾಕಾಯಿತು ಅವರಿಗೆ.

ಸಲೀಂ ಕಲ್ಕತ್ತಾಗೆ ಮರಳಿ 1937ರ ಲೀಗ್‌ನಲ್ಲಿ ಮತ್ತೆ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಆಡಿದರು. ಕ್ಲಬ್‌ನ ಐದು ವರ್ಷಗಳ ಓಟ 1938ಕ್ಕೆ ಮುಗಿಯಿತು. 1940ರಲ್ಲಿ ದಿಲ್ಲಿಯಲ್ಲಿ ಡುರಾಂಡ್ ಕಪ್ ಫೈನಲ್‌ನಲ್ಲಿ ರಾಯಲ್ ವಾರ್‌ವಿಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಅದೇ ಕ್ಲಬ್ ಇನ್ನೊಂದು ಬಾಗಿಲು ಒಡೆಯಿತು.

ಬರಿಗಾಲಿನ ಕಾಲವೂ ನಿಧಾನಕ್ಕೆ ಮುಗಿಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಮೊದಲ ಸುತ್ತಿನ ನಾಕೌಟ್‌ನಲ್ಲೇ ಫ್ರಾನ್ಸ್‌ಗೆ 2-1ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದ್ದವು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ಹೆಚ್ಚಿನ ಆಟಗಾರರು ಬೂಟಿಲ್ಲದೆ ಆಡಿದ್ದರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಮತ್ತೆ ಮೊದಲ ಪಂದ್ಯದಲ್ಲೇ ಯುಗೊಸ್ಲಾವಿಯಾ 10-1ರಿಂದ ಸೋಲಿಸಿತು. ಆ ಒಂದು ಗೋಲೂ ಬೆಂಗಳೂರಿನವರದ್ದೇ, ಅಹ್ಮದ್ ಖಾನ್ ಅವರದ್ದು. ಅದಾದ ಮೇಲೆ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಸಲೀಂ ಅವರ ಕಾಲಿನ ವಿದ್ಯೆ ಕಥೆಯಾಗಿ ಮಾತ್ರ ಉಳಿಯಿತು.

ಅತ್ತ ಸೆಲ್ಟಿಕ್ ಬೆಳೆಯಿತು. 1966-67ರ ಯುರೋಪಿಯನ್ ಕಪ್‌ನ ಮೊದಲ ಸುತ್ತಿನಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಚ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿ ಹೊರಟ ತಂಡ, 1967ರ ಮೇ 25ರಂದು ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ 2-1ರಿಂದ ಗೆದ್ದು ಕಪ್ ಎತ್ತಿತು. ಆ ಕಪ್ ಗೆದ್ದ ಮೊದಲ ಬ್ರಿಟಿಷ್ ಕ್ಲಬ್ ಸೆಲ್ಟಿಕ್. ಅಂದು ಆಡಿದವರೆಲ್ಲ ಗ್ಲಾಸ್ಗೋದ ಸುತ್ತಮುತ್ತಲೇ ಹುಟ್ಟಿದವರು. ಊರ ಮಕ್ಕಳೇ ಊರಿನ ಹೆಸರು ಎತ್ತಿ ಹಿಡಿದರು. ಕಲ್ಕತ್ತಾದಲ್ಲಿ ವಯಸ್ಸಾಗಿದ್ದ ಸಲೀಂ ಆಗಿನ್ನೂ ಬದುಕಿದ್ದರು.

ವೃದ್ಧಾಪ್ಯದಲ್ಲಿ ಅವರ ಆರೋಗ್ಯ ಕೆಟ್ಟಿತು. ಒಮ್ಮೆ ಅವರ ಮಗ ಸೆಲ್ಟಿಕ್ ಕ್ಲಬ್‌ಗೆ ಪತ್ರ ಬರೆದು, ತಂದೆಯ ಅನಾರೋಗ್ಯ ತಿಳಿಸಿ, ಚಿಕಿತ್ಸೆಗೆ ಹಣ ಬೇಕು ಎಂದು ಕೇಳಿದರು. ನಿಜವಾಗಿ ಹಣದ ಆಸೆ ಅವರಿಗೆ ಇರಲಿಲ್ಲ. ಎಂದೋ ಎರಡು ಪಂದ್ಯ ಆಡಿ ಹೋದ ತನ್ನ ತಂದೆಯ ನೆನಪು ಅಲ್ಲಿ ಯಾರಿಗಾದರೂ ಇದೆಯೇ ಎಂದು ತಿಳಿಯುವ ಆಸೆ ಅಷ್ಟೇ. ಉತ್ತರ ಬಂತು. ಜೊತೆಗೆ 100 ಪೌಂಡ್‌ನ ಬ್ಯಾಂಕ್ ಡ್ರಾಫ್ಟ್. ಮಗ ಅದನ್ನು ಬ್ಯಾಂಕಿಗೆ ಹಾಕಲಿಲ್ಲ. ಹಾಗೇ ಜೋಪಾನವಾಗಿ ತೆಗೆದಿಟ್ಟರು.

1980ರಲ್ಲಿ ಮುಹಮ್ಮದ್ ಸಲೀಂ ಕಲ್ಕತ್ತಾದಲ್ಲಿ ತೀರಿಕೊಂಡರು.

ಬ್ಯಾಂಕಿನ ಭಾಷೆಯಲ್ಲಿ ಅವಧಿ ಮೀರಿದ ಡ್ರಾಫ್ಟ್‌ಗೆ ಬೆಲೆಯಿಲ್ಲ. ಆ ಮನೆಯಲ್ಲಿ ಮಾತ್ರ ಅದರ ಬೆಲೆ ಇಳಿಯಲಿಲ್ಲ. ತಂದೆ ತನ್ನ ಪಾಲಿನ ಹಣ ಬಿಟ್ಟು ಬಂದರು, ಮಗ ಬಂದ ಹಣ ಮುಟ್ಟಲಿಲ್ಲ. ಮುಂದಿನ ಸಲ ಯುರೋಪಿನ ನಾಕೌಟ್ ಪಂದ್ಯಕ್ಕೆ ಹಸಿರು-ಬಿಳಿ ಜೆರ್ಸಿಯ ತಂಡ ಮೈದಾನಕ್ಕೆ ಇಳಿಯುವಾಗ, ರಾತ್ರಿ ಒಂದೂವರೆಗೆ ಎಚ್ಚರ ಇರುವ ನಮ್ಮ ಹುಡುಗರು ಪಕ್ಕದಲ್ಲಿ ಕೂತವನಿಗೆ ಈ ಕಥೆಯನ್ನೂ ಹೇಳಲಿ. ಗೋಲಿನ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ, ಸಲೀಂ ಅವರ ಲೆಕ್ಕ ನಾವೇ ಹೇಳಬೇಕು.